ಅರವತ್ತನಾಲ್ಕು ದಿನಗಳ ಜಗಜ್ಜಟ್ಟಿ

ಕುರುಕುಮಾರರ ಅಸ್ತ್ರವಿದ್ಯಾಪ್ರದರ್ಶನದ ಪ್ರಸಂಗವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳಬೇಕಾಗುತ್ತದೆ. ಕರ್ಣನು ರಂಗಸ್ಥಳವನ್ನು ಪ್ರವೇಶಿಸುತ್ತಾನೆ, ಅರ್ಜುನನು ಮಾಡಿ ತೋರಿಸಿದುದನ್ನೆಲ್ಲ ತಾನೂ ಮಾಡಿ ತೋರಿಸುತ್ತಾನೆ, ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಆಗ ಕೃಪಾಚಾರ್ಯರು ಅವನ ತಾಯ್ತಂದೆಗಳು ಯಾರು, ಕುಲ ಯಾವುದು ಎಂದು ವಿಚಾರಿಸುತ್ತಾರೆ. ಕರ್ಣನು ತಲೆ ತಗ್ಗಿಸಿ ನಿಲ್ಲುತ್ತಾನೆ. ಕೃಪಾಚಾರ್ಯರ ಪ್ರಶ್ನೆಯನ್ನು ಕುರಿತು ವಿದ್ಯಾರ್ಥಿಗಳು ಆವೇಶದಿಂದ ಚರ್ಚಿಸುತ್ತಾರೆ. ತಗ್ಗಿದ ಆ ತಲೆಯೊಳಗೆ ಏನು ನಡೆದಿರಬಹುದೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಹುಕಾಲದವರೆಗೆ ನಾನೂ ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಈ ಪಾಠ ನಡೆಯುತ್ತಿದ್ದ ಕೋಣೆಯ ಹಿಂದಿನ ಸಾಲಿನಲ್ಲಿ ಒಬ್ಬ ಕುಸ್ತಿಯ ಹುಡುಗ ಕುಳಿತಿರುತ್ತಿದ್ದ. ಊರ ಗರಡಿಯಲ್ಲಿ ಸಾಮು ಮಾಡಿ ಬೆಳೆದವನು. ಬಾಗಿಲು ತುಂಬುವಂಥ ಭುಜ. ಕೆಲವು ವಾರ ಅವನ ಉತ್ಸಾಹಕ್ಕೆ ಎಲ್ಲೆಯೇ ಇರುತ್ತಿರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಕರ್ಣನ ಮೇಲೆ ಒಂದು ನೋಟುಪುಸ್ತಕ ಬರೆದು ತಂದು ನನ್ನ ಮೇಜಿನ ಮೇಲಿಟ್ಟದ್ದೂ ಉಂಟು. ಆಮೇಲೆ ತಿಂಗಳುಗಟ್ಟಲೆ ಅವನ ಸುಳಿವೇ ಇಲ್ಲ. ಒಮ್ಮೆ ತಿರುಗಿ ಬಂದಾಗ, ಇಂಥ ಮೈಯನ್ನಿಟ್ಟುಕೊಂಡು ಸೋಮಾರಿಯಾಗುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದು ಎಲ್ಲರೆದುರಿಗೆ ನಾನು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಕೆಲವು ದಿನಗಳ ಮೇಲೆ ಅವನ ಅಣ್ಣ ಬಂದು ವೈದ್ಯರು ಹೇಳಿದ ಕಾಯಿಲೆಯ ಹೆಸರನ್ನು ನನಗೆ ತಿಳಿಸಿದ. ಬೈಪೋಲಾರ್ ಎಂದು ಈಗ ಎಲ್ಲರೂ ಕರೆಯುವ ಕಾಯಿಲೆ ಅದು. ಉನ್ಮಾದವೂ ವಿಷಾದವೂ ಅಲೆಗಳಂತೆ ಒಂದರ ಬೆನ್ನಿಗೊಂದು ಬಂದು ಮನುಷ್ಯನನ್ನು ಎತ್ತಿ ಎತ್ತಿ ಒಗೆಯುತ್ತವೆ. ಆ ಹುಡುಗನ ಭುಜವನ್ನು ನಾನು ಎರಡು ವರ್ಷ ನೋಡಿದ್ದೆ, ಮುಖವನ್ನು ನೋಡಿರಲಿಲ್ಲ.

ಅಂದಿನಿಂದ ಬಲಶಾಲಿಗಳ ಜೀವನಚರಿತ್ರೆಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಹಾಗೆ ಓದಿದವುಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಇಂಗ್ಲೆಂಡಿನ ರ‍್ಯಾಂಡಾಲ್ಫ್ ಟರ್ಪಿನ್‌ನ ಬಾಳು. ಈತ ಮುಷ್ಟಿಯುದ್ಧದಲ್ಲಿ ಜಗಜ್ಜಟ್ಟಿಯಾದವನು. ಕೊನೆಯ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಕುಸ್ತಿಯ ಕಣಕ್ಕಿಳಿದವನು. ಅವನ ಕಾಲದ ಯಾವ ವೈದ್ಯನೂ ಅವನ ಮನಸ್ಸಿನ ನೋವಿಗೆ ಒಂದು ಹೆಸರಿಟ್ಟಂತೆ ಕಾಣುವುದಿಲ್ಲ. ನಾನೂ ಇಡಲಾರೆ. ಆದರೆ ಆ ನೋವು ಇದ್ದುದಂತೂ ನಿಜ.

ಟರ್ಪಿನ್ ಹುಟ್ಟಿದ್ದು 1928ರ ಜೂನ್ 7ರಂದು, ವಾರಿಕ್‌ಷೈರ್ ಪ್ರಾಂತದ ಲೆಮಿಂಗ್‌ಟನ್ ಸ್ಪಾ ಎಂಬ ಊರಿನಲ್ಲಿ. ಐವರು ಮಕ್ಕಳಲ್ಲಿ ಕಡೆಯವನು. ತಂದೆ ಲಯನೆಲ್ ಟರ್ಪಿನ್ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಿಂದ ಬಂದ ಕರಿಯ ಜನಾಂಗದ ಯುವಕ. ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯದ ಪರವಾಗಿ ಹೋರಾಡಲು ಸಮುದ್ರ ದಾಟಿ ಬಂದು, ಫ್ರಾನ್ಸಿನ ರಣರಂಗದಲ್ಲಿ ವಿಷಾನಿಲ ಕುಡಿದು, ಕೆಟ್ಟುಹೋದ ಶ್ವಾಸಕೋಶಗಳೊಡನೆ ಇಂಗ್ಲೆಂಡಿನಲ್ಲಿ ನೆಲೆಸಿದವನು. ಅಲ್ಲಿಯ ಬಿಳಿಯ ಹುಡುಗಿ ಬಿಯಾಟ್ರಿಸ್ ಅವನ ಕೈಹಿಡಿದಳು. ಆ ಕಾಲದ ಆ ಸಣ್ಣ ಊರಿನಲ್ಲಿ ಅಂಥ ಮದುವೆ ಎಂಥ ಮಾತುಗಳಿಗೆ ಎಡೆಮಾಡಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೆ, 1929ರಲ್ಲಿ, ಆ ಹಳೆಯ ವಿಷವೇ ಲಯನೆಲನನ್ನು ಕೊಂದಿತು. ಆಗ ಕಡೆಯ ಮಗುವಿಗೆ ಒಂದು ವರ್ಷವೂ ತುಂಬಿರಲಿಲ್ಲ. ತಂದೆಯ ಮುಖ ಅವನ ನೆನಪಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅವನಿಗೆ ಉಳಿದದ್ದು ತಂದೆಯ ಬಣ್ಣ ಮಾತ್ರ. ಅದನ್ನು ಮರೆಯಲು ಬೀದಿಯ ಹುಡುಗರು ಅವನಿಗೆ ಅವಕಾಶ ಕೊಡಲಿಲ್ಲ.

ತಾಯಿ ಕಂಡವರ ಮನೆಗಳನ್ನು ಗುಡಿಸಿ ಒರೆಸಿ ಮಕ್ಕಳನ್ನು ಸಾಕಿದಳು. ಸಾಲದಾದಾಗ ಮಕ್ಕಳನ್ನು ಬಂಧುಗಳ ಮನೆಗಳಿಗೆ ಹಂಚಿ ಕಳುಹಿಸಿದ್ದೂ ಉಂಟು. ಆಮೇಲೆ ಆಕೆ ಮರುಮದುವೆಯಾದಳು. ಮನೆ ಮತ್ತೆ ಒಂದು ಮನೆಯಾಯಿತು. ಮಗುವಾಗಿದ್ದಾಗಲೇ ನ್ಯುಮೋನಿಯಾ ಬಂದು ಚಿಕ್ಕವನು ಸಾವಿನ ಬಾಗಿಲನ್ನು ತಟ್ಟಿ ಬಂದ. ಇನ್ನೊಮ್ಮೆ ಈಜಲು ಹೋದಾಗ ನೀರಿನಡಿಯಲ್ಲಿ ಸಿಕ್ಕಿಕೊಂಡು ಹೇಗೋ ಮೇಲೆ ಬಂದ. ಜೀವ ಉಳಿಯಿತು, ಕಿವಿಗೆ ಪೆಟ್ಟಾಯಿತು. ಅಂದಿನಿಂದ ಅವನಿಗೆ ಕೇಳಿಸುವುದು ಕಡಿಮೆ. ಕಿವಿ ಮಂದವಾದ ಹುಡುಗ ಸಾಧಾರಣವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾನೆ: ಮತ್ತೆ ಮತ್ತೆ ಏನೆಂದು ಕೇಳುವುದು, ಇಲ್ಲವೆ ಸುಮ್ಮನಾಗಿಬಿಡುವುದು. ಟರ್ಪಿನ್ ಸುಮ್ಮನಾದ. ಮುಂದೆ ಕೀರ್ತಿ ಬಂದ ಮೇಲೆ ಜನ ಅವನ ಮೌನವನ್ನು ಗರ್ವವೆಂದು ತಿಳಿದರು. ಮಾತು ಕಿವಿಗೆ ಬೀಳದೆ ಸುಮ್ಮನಿರುವವನನ್ನು ಮಾತನಾಡಲೊಲ್ಲದವನೆಂದು ಭಾವಿಸುವುದು ಲೋಕದ ಹಳೆಯ ತಪ್ಪು.

ಮೌನಿಯಾದ ಹುಡುಗನಿಗೆ ಮುಷ್ಟಿಯೇ ಭಾಷೆಯಾಯಿತು. ಹಿರಿಯಣ್ಣ ಡಿಕ್ 1937ರಲ್ಲಿಯೇ ಮುಷ್ಟಿಯುದ್ಧವನ್ನು ವೃತ್ತಿಯಾಗಿ ಹಿಡಿದಿದ್ದ. ಅವನ ಪಂದ್ಯಗಳು ನಡೆಯುವ ಕಡೆಗಳಲ್ಲಿ ನಡುವಣ ಅಣ್ಣ ಜ್ಯಾಕಿಯೂ ಈ ಚಿಕ್ಕವನೂ ಪ್ರೇಕ್ಷಕರ ವಿನೋದಕ್ಕಾಗಿ ಒಬ್ಬರೊಡನೊಬ್ಬರು ಗುದ್ದಾಡುವುದಿತ್ತು. ಅಲೆಕ್ಸಾಂಡರ್ ಮತ್ತು ಮೋಸಸ್ ಎಂದು ಅವರಿಗೆ ಹೆಸರು. ಜನ ನಕ್ಕು ಕಣದೊಳಕ್ಕೆ ಚಿಲ್ಲರೆ ಕಾಸು ಎಸೆಯುತ್ತಿದ್ದರು; ಅಣ್ಣತಮ್ಮಂದಿರು ಅದನ್ನು ಆಯ್ದುಕೊಂಡು ಮನೆಗೆ ತರುತ್ತಿದ್ದರು. ಈ ಚಿತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಬಿನ್ನಹ. ಬಡತನದ ಮಗು ತನ್ನ ಪೆಟ್ಟಿಗೆ ಬೆಲೆಯುಂಟೆಂದು ಕಲಿತ ದಿನ ಅದು. ತನ್ನ ಬೆಲೆ ಪೆಟ್ಟಿಗೆ ಮಾತ್ರವೆಂದು ಕಲಿತ ದಿನವೂ ಅದೇ.

ಮುಂದೆ ಊರಿನ ಬಾಲಕರ ಸಂಘವೊಂದರಲ್ಲಿ ಅವನಿಗೆ ಕ್ರಮವಾದ ಶಿಕ್ಷಣ ದೊರೆಯಿತು. ಹದಿನೇಳನೆಯ ವಯಸ್ಸಿಗೆ, 1945ರಲ್ಲಿ, ಹವ್ಯಾಸಿಗಳ ರಾಷ್ಟ್ರೀಯ ಸ್ಪರ್ಧೆಯಲ್ಲಿ ದೊಡ್ಡವರನ್ನು ಸೋಲಿಸಿ ಪ್ರಶಸ್ತಿ ಗೆದ್ದ. ಮರುವರ್ಷ ಅದಕ್ಕಿಂತ ಮೇಲಿನ ತೂಕದಲ್ಲಿ ಮತ್ತೆ ಗೆದ್ದ. ನೌಕಾದಳದಲ್ಲಿ ಅಡಿಗೆಯವನಾಗಿ ಸೇವೆಯಲ್ಲಿದ್ದುಕೊಂಡೇ 1946ರಲ್ಲಿ ವೃತ್ತಿಪರನಾದ.

ಆದರೆ ವೃತ್ತಿಪರರ ಕಣದಲ್ಲಿ ಕೃಪಾಚಾರ್ಯರ ಪ್ರಶ್ನೆ ಕಾದಿತ್ತು. ಬ್ರಿಟನ್ನಿನ ಚಾಂಪಿಯನ್ ಪದವಿಗೆ ಸ್ಪರ್ಧಿಸುವವನ ತಂದೆ ತಾಯಿ ಇಬ್ಬರೂ ಬಿಳಿಯರಾಗಿರಬೇಕೆಂದು ಅಲ್ಲಿಯ ಮುಷ್ಟಿಯುದ್ಧ ಮಂಡಲಿಯ ನಿಯಮವಿತ್ತು. ಇದಕ್ಕೊಂದು ಹಿನ್ನೆಲೆಯೂ ಉಂಟು. ಕರಿಯ ಜಗಜ್ಜಟ್ಟಿ ಜ್ಯಾಕ್ ಜಾನ್ಸನ್‌ನು ಬಿಳಿಯ ಇಂಗ್ಲಿಷ್ ಮಲ್ಲನನ್ನು ಲಂಡನ್ನಿನಲ್ಲಿ ಎದುರಿಸಬೇಕಾಗಿದ್ದ ಪಂದ್ಯವನ್ನು 1911ರಲ್ಲಿ ಸರಕಾರವೇ ತಡೆದಿತ್ತು. ಆಗ ಗೃಹಮಂತ್ರಿಯಾಗಿದ್ದವರು ವಿನ್‌ಸ್ಟನ್ ಚರ್ಚಿಲ್. ಸಾಮ್ರಾಜ್ಯಕ್ಕಾಗಿ ವಿಷಗಾಳಿ ಕುಡಿದವನ ಮಕ್ಕಳು ಸಾಮ್ರಾಜ್ಯದ ರಾಜಧಾನಿಯಲ್ಲಿ ಕಿರೀಟಕ್ಕೆ ಅನರ್ಹರು. ಈ ನಿಯಮ ಬಿದ್ದುಹೋದದ್ದು 1948ರಲ್ಲಿ. ಅದೇ ವರ್ಷ ಜೂನ್ ತಿಂಗಳಲ್ಲಿ ಹಿರಿಯಣ್ಣ ಡಿಕ್ ಟರ್ಪಿನ್ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ವಿನ್ಸ್ ಹಾಕಿನ್ಸನನ್ನು ಸೋಲಿಸಿ ಬ್ರಿಟನ್ನಿನ ಮೊತ್ತಮೊದಲ ಕರಿಯ ಚಾಂಪಿಯನ್ ಆದ. ಕರ್ಣನಿಗೆ ಅಂಗರಾಜ್ಯ ದೊರೆತದ್ದು ಒಬ್ಬನ ಸ್ನೇಹದಿಂದ. ಈ ಅಣ್ಣನಿಗೆ ಕಣ ತೆರೆದದ್ದು ಹತ್ತು ವರ್ಷ ಬಾಗಿಲಲ್ಲಿ ಕಾದ ಮೇಲೆ. ತಮ್ಮನು ಆ ತೆರೆದ ಬಾಗಿಲಿನಿಂದಲೇ ಒಳಹೊಕ್ಕ.

ಇಷ್ಟರೊಳಗೆ ಅವನ ಮನಸ್ಸಿನ ಕತ್ತಲೆ ಒಂದು ಬಾರಿ ಹೊರಗೆ ಕಾಣಿಸಿಕೊಂಡಿತ್ತು. ಮೊದಲ ದೊಡ್ಡ ಗೆಲವಿನ ವರ್ಷವಾದ 1945ರಲ್ಲಿಯೇ, ಪ್ರೇಮಕಲಹವೊಂದರ ಬಳಿಕ, ಆತ್ಮಹತ್ಯೆಗೆ ಯತ್ನಿಸಿದನೆಂಬ ಆಪಾದನೆಯನ್ನು ಈ ಹುಡುಗ ಹೊರಬೇಕಾಯಿತು. ಆಪಾದನೆ ಎಂಬ ಮಾತನ್ನು ಗಮನಿಸಬೇಕು. ಅಂದಿನ ಇಂಗ್ಲೆಂಡಿನಲ್ಲಿ ಬದುಕು ಬೇಡವೆನ್ನಿಸುವುದು ರೋಗದ ಲಕ್ಷಣವಾಗಿರಲಿಲ್ಲ, ಅಪರಾಧವಾಗಿತ್ತು. ಅಲ್ಲಿ ಆ ಕಾನೂನು ತೊಲಗಿದ್ದು 1961ರಲ್ಲಿ. ನಮ್ಮಲ್ಲಿ ಅಂಥ ಯತ್ನ ಮಾಡಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದು ಭಾವಿಸಿ ಚಿಕಿತ್ಸೆ ಕೊಡಬೇಕೆಂಬ ಕಾಯ್ದೆ ಬಂದದ್ದು 2017ರಲ್ಲಿ. ಹದಿನೇಳರ ಹುಡುಗನನ್ನು ಆರೋಪಿಯಾಗಿ ಕಂಡರೇ ಹೊರತು ರೋಗಿಯಾಗಿ ಕಾಣಲಿಲ್ಲ. ಕೆಲವು ತಿಂಗಳಲ್ಲಿ ಅವನು ಮತ್ತೆ ಗೆಲ್ಲತೊಡಗಿದ. ಗೆಲ್ಲುವವನಿಗೆ ರೋಗವೆಲ್ಲಿಯದು ಎಂದು ಎಲ್ಲರೂ ಮರೆತರು.

1950ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪದವಿ ಅವನದಾಯಿತು. 1951ರ ಫೆಬ್ರವರಿಯಲ್ಲಿ ಯೂರೋಪಿನ ಪದವಿಗಾಗಿ ಹಾಲೆಂಡಿನ ಲುಕ್ ವಾನ್ ಡ್ಯಾಮನನ್ನು ಎದುರಿಸಿದಾಗ ಪಂದ್ಯ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಆಗ ಮಧ್ಯಮ ತೂಕದ ಜಗಜ್ಜಟ್ಟಿಯಾಗಿದ್ದವನು ಅಮೆರಿಕದ ಷುಗರ್ ರೇ ರಾಬಿನ್‌ಸನ್. ನೂರಮೂವತ್ತಕ್ಕೂ ಮಿಕ್ಕ ಪಂದ್ಯಗಳಲ್ಲಿ ಅವನು ಸೋತದ್ದು ಒಂದರಲ್ಲಿ ಮಾತ್ರ, ಅದೂ 1943ರಲ್ಲಿ. ಮುಷ್ಟಿಯುದ್ಧ ಬಲ್ಲವರು ಇಂದಿಗೂ ಅವನನ್ನು ಅಗ್ರಗಣ್ಯನೆನ್ನುತ್ತಾರೆ. ಆ ಬೇಸಗೆಯಲ್ಲಿ ರಾಬಿನ್‌ಸನ್ ಗುಲಾಬಿ ಬಣ್ಣದ ಕ್ಯಾಡಿಲಾಕ್ ಕಾರನ್ನೂ ದೊಡ್ಡ ಪರಿವಾರವನ್ನೂ ಕಟ್ಟಿಕೊಂಡು ಯೂರೋಪಿನಲ್ಲಿ ದಿಗ್ವಿಜಯ ಹೊರಟಿದ್ದ. ಟರ್ಪಿನ್ ವೇಲ್ಸಿನ ಗ್ರಿಚ್ ಕೋಟೆಯಲ್ಲಿ ಸದ್ದಿಲ್ಲದೆ ಸಾಮು ಮಾಡುತ್ತಿದ್ದ.

ಜುಲೈ 10ರ ರಾತ್ರಿ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ 18,000 ಜನ ಕಿಕ್ಕಿರಿದಿದ್ದರು. ತಮ್ಮವನು ಗೆದ್ದಾನೆಂಬ ನಂಬಿಕೆ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಟರ್ಪಿನ್ ಮೊದಲಿನಿಂದಲೇ ಎದುರಾಳಿಯ ಮೈಮೇಲೆ ಬಿದ್ದು, ಅವನ ಲಾಲಿತ್ಯಕ್ಕೆ ಎಡೆಗೊಡದೆ, ಎಡಗೈಯ ನೇರವಾದ ಪೆಟ್ಟುಗಳಿಂದ ಅವನ ಲಯವನ್ನು ಕೆಡಿಸಿದ. ಹದಿನೈದು ಸುತ್ತುಗಳು ಮುಗಿದಾಗ ತೀರ್ಪುಗಾರ ಟರ್ಪಿನ್‌ನ ಕೈಯನ್ನೆತ್ತಿದ. ಪಡಿತರದ ಚೀಟಿ ಹಿಡಿದು ಇನ್ನೂ ಸಾಲಿನಲ್ಲಿ ನಿಲ್ಲುತ್ತಿದ್ದ, ಮಹಾಯುದ್ಧದಿಂದ ಬಳಲಿದ ಬ್ರಿಟನ್ನಿಗೆ ಆ ರಾತ್ರಿ ಹಬ್ಬವಾಯಿತು. ಲೆಮಿಂಗ್‌ಟನ್ನಿನ ಬೀದಿಗಳಲ್ಲಿ ಸಾವಿರಾರು ಜನ ನೆರೆದು ಅವನನ್ನು ಬರಮಾಡಿಕೊಂಡರು. ಬಣ್ಣಕ್ಕಾಗಿ ಅವನನ್ನು ಅಣಕಿಸಿದ ಊರೇ ಈಗ ಅವನು ತನ್ನವನೆಂದಿತು. ಅವನು ಸಂಕೋಚದಿಂದ ಎರಡು ಮಾತಾಡಿ ಸುಮ್ಮನಾದ. ಅವನಿಗಾಗ ವಯಸ್ಸು 23.

ಒಪ್ಪಂದದಂತೆ ಮರುಪಂದ್ಯ ಸೆಪ್ಟೆಂಬರ್ 12ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ನಡೆಯಿತು. 61,000ಕ್ಕೂ ಹೆಚ್ಚು ಪ್ರೇಕ್ಷಕರು. ಒಂಬತ್ತು ಸುತ್ತುಗಳವರೆಗೆ ಇಬ್ಬರೂ ಸರಿಸಮರು. ಹತ್ತನೆಯದರಲ್ಲಿ ರಾಬಿನ್‌ಸನ್‌ನ ಹುಬ್ಬು ಸೀಳಿ ರಕ್ತ ಸುರಿಯಿತು. ಪಂದ್ಯವನ್ನು ತನಗೆ ವಿರುದ್ಧವಾಗಿ ನಿಲ್ಲಿಸಿಬಿಡುವರೆಂಬ ಭಯದಲ್ಲಿ ಅವನು ಸರ್ವಬಲವನ್ನೂ ಒಟ್ಟುಗೂಡಿಸಿ ಎರಗಿದ. ಟರ್ಪಿನ್ ನೆಲಕ್ಕೆ ಬಿದ್ದು ಎದ್ದ. ಹಗ್ಗಕ್ಕೊರಗಿ ನಿಂತು, ತಡೆಯಲಾಗದೆ ಪೆಟ್ಟಿನ ಮೇಲೆ ಪೆಟ್ಟು ತಿಂದ. ಸುತ್ತು ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ತೀರ್ಪುಗಾರ ನಡುವೆ ಬಂದು ಪಂದ್ಯವನ್ನು ನಿಲ್ಲಿಸಿದ. ಅದಕ್ಕೆ ಎರಡು ವಾರ ಮೊದಲು ಅದೇ ನಗರದ ಕಣದಲ್ಲಿ ಒಬ್ಬ ಎಳೆಯ ಮಲ್ಲ ಪೆಟ್ಟು ತಿಂದು, ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಸತ್ತಿದ್ದ. ತೀರ್ಪುಗಾರನ ಮನಸ್ಸಿನಲ್ಲಿ ಅದು ಇದ್ದಿದ್ದರೆ ತಪ್ಪೆನ್ನಲಾಗದು. ಹೀಗೆ ಜಗಜ್ಜಟ್ಟಿಯ ಪದವಿ ಟರ್ಪಿನ್‌ನಲ್ಲಿ ಉಳಿದದ್ದು 64 ದಿನ.

ಏರಿದವನು ಇಳಿಯುವುದು ಲೋಕಸಹಜ. ಆದರೆ ಇಳಿಯುವವನಿಗೆ ಕಾಲೂರಲು ಒಂದು ಮೆಟ್ಟಿಲು ಬೇಕು. ಟರ್ಪಿನ್‌ಗೆ ಹಣವಿತ್ತು, ಮೆಟ್ಟಿಲಿರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟ, ಕೇಳದವರಿಗೂ ಕೊಟ್ಟ. ವೇಲ್ಸಿನ ಕಡಲತೀರದ ಲ್ಯಾಂಡಡ್ನೋ ಊರಿನ ಗ್ರೇಟ್ ಓರ್ಮ್ ಬೆಟ್ಟದ ಮೇಲೆ ಪಾಲುದಾರಿಕೆಯಲ್ಲಿ ಹೋಟೆಲೊಂದನ್ನು ಕೊಂಡು ಹಣ ಹೂಡಿದ. ಅದು ಅವನ ಕೈಹತ್ತಲಿಲ್ಲ. ಎಳವೆಯಲ್ಲಿಯೇ ಆಗಿದ್ದ ಮೊದಲ ಮದುವೆ ಮುರಿಯಿತು. ಹೆಂಡತಿಯ ಮೇಲೆ ಕೈಮಾಡಿದನೆಂಬ ದೂರುಗಳು ಕೇಳಿಬಂದವು. ನ್ಯೂಯಾರ್ಕಿನಲ್ಲಿ ಒಬ್ಬ ಹೆಂಗಸು ಅವನ ಮೇಲೆ ಹಲ್ಲೆಯ ಆಪಾದನೆ ಹೊರಿಸಿ ನ್ಯಾಯಾಲಯಕ್ಕೆ ಹೋದಳು. ಹಣ ಕೊಟ್ಟು ಆ ವ್ಯಾಜ್ಯವನ್ನು ಮುಗಿಸಬೇಕಾಯಿತು. ಇವನ್ನು ನಾನು ಮುಚ್ಚಿಡಲಾರೆ. ನೊಂದವನು ಇತರರನ್ನು ನೋಯಿಸಲಾರನೆಂಬುದು ಕಥೆಗಳಲ್ಲಿ ಮಾತ್ರ ನಿಜ. ಅವನ ನೋವನ್ನು ಅರಿಯುವುದೆಂದರೆ ಅವನಿಂದ ನೊಂದವರನ್ನು ಮರೆಯುವುದಲ್ಲ. 1953ರಲ್ಲಿ ವೇಲ್ಸಿನ ರೈತನೊಬ್ಬನ ಮಗಳನ್ನು ಮದುವೆಯಾದ. ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು. ಅವನ ಬಾಳಿನಲ್ಲಿ ನೆಮ್ಮದಿಯೆಂಬುದು ಇದ್ದರೆ ಅದು ಈ ಮನೆಯಲ್ಲಿತ್ತು.

ಕಣದಲ್ಲಿ ಅವನ ಏರಿಳಿತಗಳು ವಿಚಿತ್ರವಾಗಿದ್ದವು. 1953ರ ಅಕ್ಟೋಬರಿನಲ್ಲಿ ತೆರವಾಗಿದ್ದ ಜಗಜ್ಜಟ್ಟಿ ಪದವಿಗಾಗಿ ನ್ಯೂಯಾರ್ಕಿನಲ್ಲಿ ಬೋಬೋ ಓಲ್ಸನನ್ನು ಎದುರಿಸಿದಾಗ ಮೊದಲ ಸುತ್ತುಗಳಲ್ಲಿ ಮಿಂಚಿ, ಆಮೇಲೆ ಮನಸ್ಸೇ ಇಲ್ಲದವನಂತೆ ಮಂಕಾಗಿ ಸೋತ. ಮರುವರ್ಷ ರೋಮ್ ನಗರದಲ್ಲಿ ಒಂದು ನಿಮಿಷ ಕಳೆದ ಮಾತ್ರಕ್ಕೆ ನೆಲಕ್ಕುರುಳಿದ. 1955ರಲ್ಲಿ ಮತ್ತೆ ಎದ್ದು ಇನ್ನೂ ಮೇಲಿನ ತೂಕದಲ್ಲಿ ಬ್ರಿಟನ್ನಿನ ಪದವಿಯನ್ನು ಗೆದ್ದ. ಅದೇ ವರ್ಷ ಸೋತು ನಿವೃತ್ತನಾದೆನೆಂದ, ಮತ್ತೆ ಬಂದ. 1958ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಎರಡನೆಯ ಸುತ್ತಿನಲ್ಲಿಯೇ ಬಿದ್ದ ಮೇಲೆ ಮುಷ್ಟಿಯುದ್ಧದ ದೊಡ್ಡ ಕಣಗಳು ಅವನಿಗೆ ಮುಚ್ಚಿದವು. ಗೆದ್ದಾಗ ಅವನನ್ನು ಸಿಡಿಲೆಂದವರು ಸೋತಾಗ ಸೋಮಾರಿಯೆಂದರು. ಈ ಎರಡನೆಯ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನೆಂಬುದನ್ನು ಹೇಳಬೇಕು.

ಆಗ ಬಂದಿತು ಆದಾಯ ತೆರಿಗೆಯವರ ಪತ್ರ. ಕೀರ್ತಿಯ ದಿನಗಳ ಸಂಪಾದನೆಗೆ ಸಲ್ಲಬೇಕಾಗಿದ್ದ 17,000 ಪೌಂಡಿಗೂ ಮಿಕ್ಕ ಬಾಕಿ. ಸಂಪಾದನೆ ಎಂದೋ ಕರಗಿಹೋಗಿತ್ತು. ಉಳಿದದ್ದು ಮೈಯೊಂದೇ. ಆ ಮೈಯನ್ನು ಹೊತ್ತು ಅವನು ವೃತ್ತಿಪರ ಕುಸ್ತಿಗೆ ಹೋದ.

ಈ ದಾರಿ ಹಿಡಿದವರಲ್ಲಿ ಅವನೇ ಮೊದಲಿಗನಲ್ಲ. ಇಟಲಿಯ ಭೀಮಕಾಯ ಪ್ರಿಮೊ ಕಾರ್ನೇರಾ 1946ರಲ್ಲಿ ಮುಷ್ಟಿಯುದ್ಧದಿಂದ ಕುಸ್ತಿಗೆ ಬಂದಿದ್ದ. ಹೆವಿವೆಯ್ಟ್ ಜಗಜ್ಜಟ್ಟಿಯಾಗಿ ಹನ್ನೆರಡು ವರ್ಷ ಮೆರೆದ ಜೋ ಲೂಯಿ ತೆರಿಗೆಯ ಬಾಕಿ ತೀರಿಸಲಾಗದೆ 1956ರಲ್ಲಿ ಅದನ್ನೇ ಮಾಡಿದ್ದ. ಪಶ್ಚಿಮ ದೇಶಗಳ ಈ ವೃತ್ತಿಪರ ಕುಸ್ತಿಯನ್ನು ನಮ್ಮ ಗರಡಿಯ ಕುಸ್ತಿಯೆಂದು ತಿಳಿಯಬಾರದು. ಅಲ್ಲಿ ಯಾರು ಗೆಲ್ಲಬೇಕು, ಯಾವ ಸುತ್ತಿನಲ್ಲಿ ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಅದು ಒಂದು ಬಗೆಯ ಬಯಲಾಟ. ಬೀಳುವುದಕ್ಕೂ ನರಳುವುದಕ್ಕೂ ತಾಲೀಮು ಬೇಕು. ಹಾಗೆಂದು ಸುಲಭವೂ ಅಲ್ಲ: ಮೂಳೆ ಮುರಿಯುವುದು ಅಲ್ಲಿಯೂ ನಿಜವೇ. ಅದನ್ನು ಕಲೆಯಾಗಿ ಸಾಧಿಸಿದವರು ಅನೇಕರಿದ್ದಾರೆ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಟರ್ಪಿನ್‌ಗೆ ಆ ಕಲೆ ಒಲಿಯಲಿಲ್ಲ. ನಿಜವಾಗಿ ಹೊಡೆಯುವುದೊಂದೇ ಗೊತ್ತಿದ್ದವನಿಗೆ ಹೊಡೆದಂತೆ ನಟಿಸುವುದು ಹೇಗೆ ಬರಬೇಕು? ಸಣ್ಣ ಊರುಗಳ ಪುರಭವನಗಳಲ್ಲಿ ಜನ ಬಂದದ್ದು ಅವನ ಪಟ್ಟುಗಳನ್ನು ನೋಡಲಲ್ಲ. ರಾಬಿನ್‌ಸನನ್ನು ಸೋಲಿಸಿದವನು ಹೇಗಿದ್ದಾನೆಂದು ನೋಡಲು. ಮಾರಾಟಕ್ಕಿದ್ದದ್ದು ಅವನ ಹೆಸರು.

ವಾಚಕರಿಗೆ ಅಲೆಕ್ಸಾಂಡರ್ ಮತ್ತು ಮೋಸಸ್ ನೆನಪಾಗಿರಬಹುದು. ಅಣ್ಣನೊಡನೆ ಆಟದ ಕಾಳಗವಾಡಿ ಕಾಸು ಆಯ್ದ ಹುಡುಗ ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಆಟದ ಕಾಳಗಕ್ಕೇ ಬಂದು ನಿಂತಿದ್ದ. ಅಂದು ಕಣದಿಂದ ಮನೆಗೆ ಅಣ್ಣನ ಜೊತೆ ನಡೆದು ಬರುತ್ತಿದ್ದ. ಈಗ ಹಾಗೆ ಜೊತೆ ಬರುವವರಿರಲಿಲ್ಲ.

1962ರಲ್ಲಿ ಅವನನ್ನು ದಿವಾಳಿಯೆಂದು ಘೋಷಿಸಲಾಯಿತು. ಹಳೆಯ ಮ್ಯಾನೇಜರನ ಗುಜರಿ ಅಂಗಳದಲ್ಲಿ ಕೂಲಿ ಮಾಡಿದ. ಲೆಮಿಂಗ್‌ಟನ್ನಿನ ರಸೆಲ್ ಬೀದಿಯಲ್ಲಿ ಹೆಂಡತಿ ನಡೆಸುತ್ತಿದ್ದ ಸಣ್ಣ ಉಪಾಹಾರ ಗೃಹದಲ್ಲಿ ಲಾರಿಯವರಿಗೆ ತಿಂಡಿ ಮಾಡಿ ಕೊಟ್ಟ. ನೌಕಾದಳದಲ್ಲಿ ಕಲಿತ ಅಡಿಗೆ ಹೀಗೆ ಉಪಯೋಗಕ್ಕೆ ಬಂದಿತು. ನಡುನಡುವೆ ಕುಸ್ತಿ, 1964ರಲ್ಲಿ ಮಾಲ್ಟಾ ದ್ವೀಪದಲ್ಲಿ ಕೊನೆಯದೊಂದು ಮುಷ್ಟಿಯುದ್ಧವನ್ನೂ ಆಡಿ ಬಂದ. ಲೆಕ್ಕ ಹಾಕಿದರೆ ಒಟ್ಟು 75 ಪಂದ್ಯಗಳು, 66 ಗೆಲವುಗಳು. ಇದು ಸೋತವನ ಲೆಕ್ಕವಲ್ಲ.

1966ರ ಮೇ 17ರಂದು, ಆ ಉಪಾಹಾರ ಗೃಹದ ಮೇಲಿನ ಮನೆಯಲ್ಲಿ, ಟರ್ಪಿನ್ ತನ್ನ ಬಾಳನ್ನು ತಾನೇ ಮುಗಿಸಿಕೊಂಡ. ಅವನಿಗೆ 37 ವರ್ಷ. ಆ ಗಳಿಗೆಯಲ್ಲಿ ಅವನ ಪುಟ್ಟ ಮಗಳೊಬ್ಬಳೂ ತೀವ್ರವಾಗಿ ಗಾಯಗೊಂಡಳು. ಅವಳು ಬದುಕಿಕೊಂಡಳೆಂಬುದು ಈ ಕಥೆಯಲ್ಲಿ ಉಳಿದ ಒಂದು ಸಮಾಧಾನ. ಮರಣವಿಚಾರಣೆಯ ತೀರ್ಪು ಆತ್ಮಹತ್ಯೆಯೆಂದೇ ಆಯಿತು. ಬಂಧುಗಳಲ್ಲಿ ಕೆಲವರು ಅದನ್ನು ಎಂದೂ ಒಪ್ಪಲಿಲ್ಲ. ಅಷ್ಟು ಬಲವಾದವನು ಹಾಗೆ ಮಾಡಿಕೊಂಡಾನೆಂದು ನಂಬುವುದು ಪ್ರೀತಿಸಿದವರಿಗೆ ಕಷ್ಟವೇ.

ಅವನಿಗಿದ್ದ ರೋಗ ಯಾವುದು? ಇಂದಿನ ಓದುಗರು ಉತ್ತರಕ್ಕೆ ಅವಸರಪಡುತ್ತಾರೆ. ಏರಿಳಿತಗಳನ್ನು ಕಂಡು ಬೈಪೋಲಾರ್ ಎನ್ನಬಹುದು, ವಿಷಾದವನ್ನು ಕಂಡು ಖಿನ್ನತೆ ಎನ್ನಬಹುದು. ತಲೆಗೆ ಬಿದ್ದ ಪೆಟ್ಟುಗಳೇ ಮಿದುಳನ್ನು ಕೆಡಿಸಿದವೆಂದು ಊಹಿಸಿದವರೂ ಇದ್ದಾರೆ. ಮುಷ್ಟಿಮಲ್ಲರಲ್ಲಿ ಕಾಣುವ ಅಂಥ ವಿಕಾರವನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ವರ್ಣಿಸಿದ್ದು 1928ರಲ್ಲಿ, ಟರ್ಪಿನ್ ಹುಟ್ಟಿದ ವರ್ಷದಲ್ಲಿಯೇ. ಲಿಥಿಯಂ ಲವಣವು ಉನ್ಮಾದವನ್ನು ಶಮನಗೊಳಿಸುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ, ಅವನು ಕೀರ್ತಿಯ ಮೆಟ್ಟಿಲೇರುತ್ತಿದ್ದಾಗ. ವಿದ್ಯೆ ಬೆಳೆಯುತ್ತಲೇ ಇತ್ತು. ಕಣದ ಹಗ್ಗದವರೆಗೆ ಅದು ಬರಲಿಲ್ಲ. ಪರೀಕ್ಷಿಸದ ರೋಗಿಗೆ, ಅದೂ ಸತ್ತು ಆರು ದಶಕಗಳಾದವನಿಗೆ, ರೋಗದ ಹೆಸರು ಕಟ್ಟುವುದು ಮೇಷ್ಟರ ಕೆಲಸವಲ್ಲ. ಹೆಸರಿಲ್ಲದಿದ್ದರೂ ಕಾಣುವಷ್ಟು ಲಕ್ಷಣಗಳಿದ್ದವು: ತಂದೆಯಿಲ್ಲದ ಮಗು, ಕೇಳಿಸದ ಕಿವಿ, ಹದಿನೇಳರ ವಯಸ್ಸಿನ ಆ ಆಪಾದನೆ, ಕಾರಣವಿಲ್ಲದೆ ಮಂಕಾಗುವ ಮನಸ್ಸು, ಇದ್ದಕ್ಕಿದ್ದಂತೆ ಕೆರಳುವ ಕೈ. ಹತ್ತಾರು ಸಾವಿರ ಜನ ಹಣ ಕೊಟ್ಟು ಅವನನ್ನು ನೋಡಿದರು. ನೋಡಿದ್ದು ಮುಷ್ಟಿಯನ್ನು.

ವಾರಿಕ್ ಪಟ್ಟಣದ ಮಾರುಕಟ್ಟೆಯ ಚೌಕದಲ್ಲಿ ಈಗ ಅವನ ಪ್ರತಿಮೆಯಿದೆ. ಅರ್ಲ್ಸ್ ಕೋರ್ಟಿನ ಆ ರಾತ್ರಿಗೆ ಐವತ್ತು ವರ್ಷ ತುಂಬಿದಾಗ, 2001ರಲ್ಲಿ, ಹೆಸರಾಂತ ಮುಷ್ಟಿಮಲ್ಲ ಹೆನ್ರಿ ಕೂಪರ್ ಅದನ್ನು ಅನಾವರಣ ಮಾಡಿದರು. ಮುಷ್ಟಿಯುದ್ಧದ ಅಂತರರಾಷ್ಟ್ರೀಯ ಕೀರ್ತಿಭವನವೂ ಅದೇ ವರ್ಷ ಅವನ ಹೆಸರನ್ನು ಸೇರಿಸಿಕೊಂಡಿತು. ಪ್ರತಿಮೆಯ ಕೈಗಳು ಮುಷ್ಟಿಕಟ್ಟಿ ಸನ್ನದ್ಧವಾಗಿವೆ. ಶಿಲ್ಪಿಯ ದೋಷವಲ್ಲ, ಊರು ಅವನನ್ನು ಕಂಡದ್ದೇ ಹಾಗೆ.

ನನ್ನ ವಿದ್ಯಾರ್ಥಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಅವನ ಅಣ್ಣ ಬಂದುಹೋದ ಮರುದಿನ ನಾನು ಅವರ ಮನೆಗೆ ಹೋದೆ. ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನೆದುರು ಕುಳಿತಾಗ ಒಂದೂ ಬಾಯಿಗೆ ಬರಲಿಲ್ಲ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಮಾತ್ರ ಕೇಳಿದೆ. ಅವನು ಬಹಳ ಹೊತ್ತು ಉತ್ತರ ಹೇಳಲಿಲ್ಲ. ಆಮೇಲೆ ಹೇಳತೊಡಗಿದವನು ಸಂಜೆಯಾದರೂ ನಿಲ್ಲಿಸಲಿಲ್ಲ. ಔಷಧಿಯನ್ನು ಬಿಡದೆ ತೆಗೆದುಕೊಂಡು, ಒಂದು ವರ್ಷ ತಡವಾಗಿ ಪದವಿ ಮುಗಿಸಿದ. ಈಗ ತನ್ನ ಊರಿನ ಗರಡಿಯಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ. ಮಂಕಾಗಿ ಕುಳಿತ ಹುಡುಗನನ್ನು ಗದರಬಾರದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ವರ್ಷವೂ ನಾನು ಕರ್ಣನ ಪ್ರಸಂಗವನ್ನು ಪಾಠ ಹೇಳಿದೆ. ಕೃಪಾಚಾರ್ಯರ ಪ್ರಶ್ನೆಯ ಮೇಲೆ ಎಂದಿನಂತೆ ಚರ್ಚೆಯಾಯಿತು. ಅದು ಮುಗಿದ ಮೇಲೆ, ತಲೆ ತಗ್ಗಿಸಿ ನಿಂತ ಆ ವೀರನ ಬಳಿಗೆ ಹೋಗಿ ನೀವಾಗಿದ್ದರೆ ಏನು ಕೇಳುತ್ತಿದ್ದಿರಿ ಎಂದು ವಿದ್ಯಾರ್ಥಿಗಳನ್ನು ವಿಚಾರಿಸಿದೆ. ತರಗತಿ ಸುಮ್ಮನಾಯಿತು. ಗಂಟೆ ಬಾರಿಸುವವರೆಗೂ ನಾನು ಕಾದೆ.